ವೆಬ್‌ಸೈಟ್ ಸ್ವಂತ ಕಚೇರಿಯಲ್ಲೋ, ಬಾಡಿಗೆಯಲ್ಲೋ: ಕೀಲಿಕೈ ಮಾತ್ರ ನಿಮ್ಮಲ್ಲಿರಲಿ

ಸಂಪಾದಕರಿಗೆ,

ಮಾನ್ಯರೇ,

ಮಾರ್ಚ್ ಮುಗಿದು ಹೊಸ ಲೆಕ್ಕದ ಪುಸ್ತಕ ತೆರೆಯುವ ಹೊತ್ತಿಗೆ ಮುಂಬಯಿ, ಪುಣೆಯ ಕನ್ನಡಿಗ ಉದ್ಯಮಿಗಳ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಕಂಪನಿಯ ವೆಬ್‌ಸೈಟಿಗೆಂದು ವರ್ಷವರ್ಷವೂ ಹೋಸ್ಟಿಂಗ್‌ನವರಿಗೆ (ಸೈಟಿಗೆ ಜಾಗ ಬಾಡಿಗೆಗೆ ಕೊಡುವವರಿಗೆ) ಹಣ ಕಟ್ಟುವ ಬದಲು ಕಚೇರಿಯಲ್ಲೇ ಒಂದು ಸರ್ವರ್ (ಸೈಟನ್ನು ಓಡಿಸುವ ಯಂತ್ರ) ಇಟ್ಟುಕೊಂಡರೆ ಆಗದೇ? ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ, ಐ.ಟಿ. ನೋಡಿಕೊಳ್ಳುವ ಹುಡುಗನೂ ಇದ್ದಾನೆ, ಇನ್ನೇನು ಬೇಕು? ಇದಕ್ಕೆ ಎದುರು ತುದಿಯ ಮಾತೂ ಇದೆ: ‘ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ, ತಲೆನೋವು ತಪ್ಪುತ್ತದೆ.’ ಎರಡೂ ಅರ್ಧ ಲೆಕ್ಕ. ಸರ್ವರ್ ನೋಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡ ನಾವು ಕೆಲವರು ಉಳಿದರ್ಧವನ್ನು ಇಲ್ಲಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ. ಕತ್ತರಿ ಆಡಿಸಲೇಬೇಕಾದರೆ ಆಡಿಸಿ, ಆದರೆ ಡೊಮೇನ್ ಹೆಸರಿನ ಭಾಗವನ್ನು ದಯವಿಟ್ಟು ಮುಟ್ಟಬೇಡಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಾರ್ವಜನಿಕರು ನೋಡುವ ವೆಬ್‌ಸೈಟ್ ಓಡುವ ಯಂತ್ರ ಬೇರೆಯವರ ಕಟ್ಟಡದಲ್ಲಿರುವುದೇ ಮೇಲು. ಆದರೆ ಡೊಮೇನ್ (ಸೈಟಿನ ಹೆಸರು), ಡಿಎನ್ಎಸ್ (ಆ ಹೆಸರು ಯಾವ ಯಂತ್ರಕ್ಕೆ ಹೋಗಬೇಕೆಂದು ಹೇಳುವ ವಿಳಾಸಪಟ್ಟಿ), ಸೈಟಿನ ಕೋಡ್, ಬ್ಯಾಕಪ್ ಈ ನಾಲ್ಕು ಕಂಪನಿಯ ಕೈಯಲ್ಲೇ ಇರಬೇಕು. ನಮ್ಮವರಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಯಂತ್ರಕ್ಕೆ ಪೂಜೆ ಮಾಡಿಸಿ ಕಚೇರಿಯಲ್ಲಿಡುತ್ತಾರೆ, ಡೊಮೇನ್ ಮಾತ್ರ ಸೈಟ್ ಮಾಡಿಕೊಟ್ಟ ಡಿಸೈನರನ ಹೆಸರಿನಲ್ಲಿರುತ್ತದೆ.

‘ಇಂಟರ್ನೆಟ್ ಇದೆ’ ಎಂಬ ಮಾತಿನಿಂದಲೇ ಶುರು ಮಾಡೋಣ. ಕಚೇರಿಯ ಬ್ರಾಡ್‌ಬ್ಯಾಂಡಿನಲ್ಲಿ ನಾವು ನೋಡುವುದು ಡೌನ್‌ಲೋಡ್ ವೇಗವನ್ನು. ವೆಬ್‌ಸೈಟಿಗೆ ಬೇಕಾದದ್ದು ಅಪ್‌ಲೋಡ್. ಚಿತ್ರಗಳೆಲ್ಲ ಸೇರಿ ಒಂದು ಪುಟ 2 ಮೆಗಾಬೈಟ್ ಇದ್ದರೆ ಅದು 16 ಮೆಗಾಬಿಟ್. ಅಪ್‌ಲೋಡ್ 10 ಎಂಬಿಪಿಎಸ್ ಆಗಿದ್ದರೆ ಒಬ್ಬ ಗ್ರಾಹಕನಿಗೆ ಪುಟ ತಲುಪಲು 1.6 ಸೆಕೆಂಡ್, ಒಟ್ಟಿಗೆ 10 ಮಂದಿ ಬಂದರೆ 16 ಸೆಕೆಂಡ್. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಅದೇ ತಂತಿಯ ಮೇಲೆ 8 ಸಿಸಿಟಿವಿ ಕ್ಯಾಮೆರಾಗಳು ತಲಾ 2 ಎಂಬಿಪಿಎಸ್‌ನಂತೆ ಹೊರಗೆ ಚಿತ್ರ ಕಳಿಸುತ್ತಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಈಗ ಎರಡೂ ಕಡೆ ಸಮಾನ ವೇಗ ಕೊಡುವ ಫೈಬರ್ ಯೋಜನೆಗಳಿವೆ ನಿಜ. ಆದರೆ ಆ ವೇಗ ಬೀದಿಯ ಉಳಿದವರೊಂದಿಗೆ ಹಂಚಿಕೊಂಡದ್ದು. ಜೊತೆಗೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸ ಸಾಮಾನ್ಯವಾಗಿ ಸ್ಥಿರವಾಗಿರುವುದಿಲ್ಲ. ಎಷ್ಟೋ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ಐಪಿ ಇರುತ್ತದೆ, ಅಂಥಲ್ಲಿ ಹೊರಗಿನಿಂದ ನಿಮ್ಮ ಸರ್ವರನ್ನು ನೇರವಾಗಿ ತಲುಪುವ ದಾರಿ ಇಲ್ಲ. ಸ್ಥಿರ ಐಪಿ, ಹಂಚಿಕೆಯಿಲ್ಲದ ವೇಗ, ಕೆಟ್ಟರೆ ಇಷ್ಟು ಗಂಟೆಯಲ್ಲಿ ಸರಿಪಡಿಸುತ್ತೇವೆಂಬ ಲಿಖಿತ ಮಾತು, ಈ ಮೂರೂ ಬೇಕಿದ್ದರೆ ಲೀಸ್ಡ್ ಲೈನ್ ತೆಗೆದುಕೊಳ್ಳಬೇಕು. ಅದರ ಬಿಲ್ಲು ಬ್ರಾಡ್‌ಬ್ಯಾಂಡಿನ ಹಲವು ಪಟ್ಟು.

‘ಎರಡು ಕಂಪನಿಗಳ ಲೈನ್ ಹಾಕಿಸಿದ್ದೇವೆ’ ಎನ್ನುವವರಿಗೆ ಎರಡು ಪ್ರಶ್ನೆ. ಮಳೆಗಾಲಕ್ಕೆ ಮುಂಚೆ ರಸ್ತೆ ಅಗೆಯುವ ಜೆಸಿಬಿಗೆ ಎರಡೂ ಕೇಬಲ್ ಒಂದೇ ಹೊಂಡದಲ್ಲಿ ಸಿಗುವುದಿಲ್ಲವೇ? ಸಿಗದಿದ್ದರೂ, ಮೊದಲ ಲೈನ್ ಬಿದ್ದಾಗ ನಿಮ್ಮ ಐಪಿ ಬದಲಾಗುತ್ತದೆ. ಹೊಸ ಐಪಿಯನ್ನು ಡಿಎನ್ಎಸ್‌ಗೆ ಹೇಳುವವರು ಯಾರು? ಕಚೇರಿಯವರು ಇಂಟರ್ನೆಟ್ ನೋಡುವುದಕ್ಕೆ ಎರಡನೇ ಲೈನ್ ತಾನಾಗಿ ಒದಗುತ್ತದೆ. ಹೊರಗಿನವರು ನಿಮ್ಮ ಸೈಟ್ ನೋಡುವುದಕ್ಕೆ ಒದಗುವುದಿಲ್ಲ.

ಇನ್ನು ವಿದ್ಯುತ್ತು. ಮುಂಬಯಿಯಲ್ಲಿ ಕರೆಂಟ್ ಹೋಗುವುದೇ ಇಲ್ಲ ಎಂಬ ಹೆಮ್ಮೆ 2020ರ ಅಕ್ಟೋಬರ್ 12ರಂದು ಗ್ರಿಡ್ ಕುಸಿದು ಲೋಕಲ್ ರೈಲುಗಳೂ ನಿಂತಾಗ ಕಳಚಿತು. ಪುಣೆ, ಪಿಂಪ್ರಿ-ಚಿಂಚವಡದವರಿಗೆ ಗುರುವಾರದ ದುರಸ್ತಿ ಕಡಿತ ಹೊಸದಲ್ಲ. ಗೋವೆಯಲ್ಲಿ ಜೂನ್-ಜುಲೈಯಲ್ಲಿ ತಂತಿಯ ಮೇಲೆ ಮರ ಬಿದ್ದರೆ ಲೈನ್‌ಮನ್ ಬರುವವರೆಗೆ ಕಾಯಬೇಕು. ಸಣ್ಣ ಸರ್ವರ್ ಒಂದಕ್ಕೆ 200 ವಾಟ್ ಹಿಡಿಯಿರಿ. ವರ್ಷವಿಡೀ ಓಡಿದರೆ 1,752 ಯೂನಿಟ್. ಆ ಕೋಣೆಗೆ 1 ಟನ್ ಎ.ಸಿ., ಕಂಪ್ರೆಸರ್ ಅರ್ಧ ಹೊತ್ತು ಓಡಿದರೂ ದಿನಕ್ಕೆ ಸುಮಾರು 12 ಯೂನಿಟ್, ವರ್ಷಕ್ಕೆ 4,380. ಒಟ್ಟು 6,132. ಯೂನಿಟ್ಟಿಗೆ 12 ರೂಪಾಯಿ ಎಂದುಕೊಂಡರೆ 73,584 ರೂಪಾಯಿ. ನಿಮ್ಮ ಬಿಲ್ಲಿನ ದರ ಬೇರೆಯಿದ್ದರೆ ಅದನ್ನೇ ಹಾಕಿ ಗುಣಿಸಿ. ಇದರಲ್ಲಿ ಸರ್ವರಿಗಿಂತ ಎ.ಸಿ. ಎರಡೂವರೆ ಪಟ್ಟು ತಿನ್ನುತ್ತದೆ ಎಂಬುದನ್ನು ಗಮನಿಸಿ. ‘ಹಳೇ ಕಂಪ್ಯೂಟರ್ ಮೂಲೆಯಲ್ಲಿತ್ತು, ಪುಕ್ಕಟೆ ಆಯಿತು’ ಎನ್ನುವ ಲೆಕ್ಕದಲ್ಲಿ ಈ ಸಾಲು ಇರುವುದೇ ಇಲ್ಲ.

ಯುಪಿಎಸ್ ಇದೆ ಎಂದು ನಿಶ್ಚಿಂತೆಯಿಂದಿರುವವರು ಅದರ ಬ್ಯಾಟರಿಯ ಮೇಲಿನ ತಿಂಗಳು-ವರ್ಷ ಓದಿ ನೋಡಲಿ. 12 ವೋಲ್ಟ್ 7 ಆಂಪಿಯರ್-ಅವರ್‌ನ ಮೂರು ಬ್ಯಾಟರಿಗಳಲ್ಲಿ ಹೆಸರಿಗೆ 252 ವಾಟ್-ಅವರ್ ಇರುತ್ತದೆ, ಬೇಗಬೇಗ ಎಳೆದಾಗ ಕೈಗೆ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ. 200 ವಾಟ್ ಸರ್ವರಿಗೆ ಅರ್ಧ ಗಂಟೆಯ ಆಸುಪಾಸು, ಅದೂ ಬ್ಯಾಟರಿ ಹೊಸದಾಗಿದ್ದರೆ. ಈ ಬ್ಯಾಟರಿಗಳ ಆಯುಷ್ಯವನ್ನು ಬರೆಯುವುದು 25 ಡಿಗ್ರಿ ಸೆಲ್ಸಿಯಸ್‌ಗೆ. 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎ.ಸಿ. ಇಲ್ಲದ ಪಡಸಾಲೆಯಲ್ಲಿಟ್ಟ ಬ್ಯಾಟರಿ ಎರಡು ಬೇಸಿಗೆ ದಾಟಿದರೆ ದೊಡ್ಡದು. ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ. ಕರೆಂಟ್ ಹೋದಾಗ ಎರಡನೇ ನಿಮಿಷಕ್ಕೆ ಸರ್ವರ್ ಸತ್ತಿರುತ್ತದೆ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಗಡಿಯಾರ ನೋಡುವುದೊಂದೇ ಪರೀಕ್ಷೆ. ಬರೀ ಯುಪಿಎಸ್ ಸಾಲದು, ಬ್ಯಾಟರಿ ಇಳಿದಾಗ ಸರ್ವರನ್ನು ಕ್ರಮವಾಗಿ ಮುಚ್ಚಲು ಹೇಳುವ ಯುಎಸ್‌ಬಿ ಕೇಬಲನ್ನೂ ಜೋಡಿಸಿರಬೇಕು. ಆ ಕೇಬಲ್ ಸಾಮಾನ್ಯವಾಗಿ ಡಬ್ಬಿಯೊಳಗೇ ಉಳಿದಿರುತ್ತದೆ. ಡೇಟಾಬೇಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಮರುದಿನ ಸರ್ವರ್ ಏಳುತ್ತದೆ, ಡೇಟಾಬೇಸ್ ಏಳದೇ ಹೋಗಬಹುದು.

ಯಂತ್ರಕ್ಕಿಂತ ಅಭ್ಯಾಸಗಳು ಹೆಚ್ಚು ಕೆಡಿಸುತ್ತವೆ. ಅಂಧೇರಿಯ ಗಾಲಾ (ಸಣ್ಣ ಕೈಗಾರಿಕಾ ಮಳಿಗೆ) ಆಗಲಿ, ಭೋಸರಿಯ ವರ್ಕ್‌ಶಾಪ್ ಆಗಲಿ, ಶನಿವಾರ ಸಂಜೆ ಶಟರ್ ಎಳೆಯುವ ಮುಂಚೆ ಮೇನ್ ಸ್ವಿಚ್ ಇಳಿಸಿ ಹೋಗುವುದು ನಮ್ಮವರ ಒಳ್ಳೆಯ ಗುಣ. ಅಲ್ಲಿರುವ ವೆಬ್‌ಸೈಟ್ ಸೋಮವಾರದವರೆಗೆ ಇರುವುದಿಲ್ಲ. ಮೇನ್ ಬಿಟ್ಟು ಎ.ಸಿ. ಮಾತ್ರ ಆರಿಸಿ ಹೋದರೆ ಇನ್ನೂ ಕೆಟ್ಟದ್ದು: ಮುಚ್ಚಿದ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಫ್ಯಾನ್ ಕೂಗತೊಡಗುತ್ತದೆ, ಡಿಸ್ಕ್ ಬೇಯುತ್ತದೆ. ಇನ್ನು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದನ್ನು ಕಂಡವರು ನೆಲಮಾಳಿಗೆಯಲ್ಲಿ ಸರ್ವರ್ ಇಡಲಾರರು. ಆದರೆ ಯುಪಿಎಸ್ ಬ್ಯಾಟರಿ ಭಾರವೆಂದು ನೆಲದ ಮೇಲೇ ಇಡುತ್ತಾರೆ, ಜನರೇಟರು ಕಟ್ಟಡದ ತಗ್ಗಿನಲ್ಲೇ ಇರುತ್ತದೆ. ನೀರು ಮೊದಲು ಮುಟ್ಟುವುದು ಅವೆರಡನ್ನೇ.

ಯಂತ್ರದ ಬೆಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಎಲ್ಲರೂ ಹಾಕುವ ಲೆಕ್ಕ. ಒಂದು ಮಾತು ಮಾತ್ರ. ಎರಡು ಡಿಸ್ಕ್ ಹಾಕಿ ರೇಡ್ (ಒಂದೇ ಮಾಹಿತಿಯನ್ನು ಎರಡರಲ್ಲೂ ಬರೆಯುವ ಏರ್ಪಾಡು) ಮಾಡಿಸಿದ್ದೇವೆ, ಅದೇ ಬ್ಯಾಕಪ್ ಎನ್ನುವವರು ಈಗಲೂ ಇದ್ದಾರೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ನಡೆಸಿಕೊಡಲಿ ಎಂದು ರೇಡ್ ಇರುವುದು. ಯಾರಾದರೂ ತಪ್ಪಿ ಫೋಲ್ಡರ್ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ.

ನಿಜವಾದ ಖರ್ಚು ಮನುಷ್ಯರದ್ದು. ವೆಬ್‌ಸೈಟ್ ಇಟ್ಟ ಯಂತ್ರಕ್ಕೆ ವಾರವಾರವೂ ಕೆಲಸವಿದೆ: ಆಪರೇಟಿಂಗ್ ಸಿಸ್ಟಮ್ಮಿನ ತೇಪೆಗಳು (ದೋಷ ಮುಚ್ಚುವ ಪ್ಯಾಚ್‌ಗಳು), ಸೈಟ್ ಓಡಿಸುವ ಪಿಎಚ್‌ಪಿ, ಡೇಟಾಬೇಸ್, ವರ್ಡ್‌ಪ್ರೆಸ್ಸಿನ ಪ್ಲಗಿನ್‌ಗಳು, ಲಾಗ್ (ಯಾರು ಬಂದರು, ಏನಾಯಿತು ಎಂಬ ದಾಖಲೆ) ತುಂಬಿ ಡಿಸ್ಕ್ ಮುಗಿಯದಂತೆ ನೋಡುವುದು. ಸರ್ವರಿನ ಆಪರೇಟಿಂಗ್ ಸಿಸ್ಟಮ್‌ಗಳಾದ ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ರಂದು, ವಿಂಡೋಸ್ ಸರ್ವರ್ 2012ಕ್ಕೆ 2023ರ ಅಕ್ಟೋಬರ್ 10ರಂದು ಸಾಮಾನ್ಯ ಭದ್ರತಾ ತೇಪೆಗಳು ನಿಂತುಹೋದವು. ಇವೆರಡರ ಮೇಲೆ ಇನ್ನೂ ಓಡುತ್ತಿರುವ ಸೈಟ್‌ಗಳಿಗೆ ಬೀಗ ಹಾಕದ ಬಾಗಿಲು ಎನ್ನಬೇಕು. ಬ್ರೌಸರಿನಲ್ಲಿ ಬೀಗದ ಗುರುತು ತೋರಿಸುವ ಸರ್ಟಿಫಿಕೇಟಿನ ವಿಷಯವೂ ಬಿಗಿಯಾಗುತ್ತಿದೆ. ಮೊದಲು 398 ದಿನದವರೆಗೆ ನಡೆಯುತ್ತಿತ್ತು. 2026ರ ಮಾರ್ಚ್ 15ರಿಂದ ಗರಿಷ್ಠ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47 ದಿನ. ವರ್ಷಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೈಯಿಂದ ಬದಲಿಸುವ ಪದ್ಧತಿ ಇನ್ನು ನಡೆಯದು. ತಾನಾಗಿ ನವೀಕರಿಸುವ ಏರ್ಪಾಡು ಬೇಕು, ಆ ಏರ್ಪಾಡು ನಿಂತುಹೋದರೆ ಎಚ್ಚರಿಸುವ ಇನ್ನೊಂದು ಬೇಕು.

ಇಷ್ಟನ್ನೂ ಒಬ್ಬ ಹುಡುಗನ ತಲೆಗೆ ಕಟ್ಟಿ, ಪ್ರಿಂಟರು ರಿಪೇರಿಯನ್ನೂ ಅವನಿಗೇ ವಹಿಸಿರುತ್ತೇವೆ. ಅವನೂ ಮೇ ತಿಂಗಳಲ್ಲಿ ಊರಿಗೆ ಹೋಗಬೇಕಲ್ಲ! ರಾತ್ರಿ 2 ಗಂಟೆಗೆ ಸೈಟ್ ಬಿದ್ದರೆ ಏಳುವವರು ಯಾರು, ಅವರು ರಜೆಯಲ್ಲಿದ್ದರೆ ಎರಡನೆಯವರು ಯಾರು, ಈ ಎರಡು ಹೆಸರು ಬರೆಯಲಾಗದ ಕಂಪನಿ ಸ್ವಂತ ಸರ್ವರಿನ ಮಾತು ಎತ್ತದಿರುವುದೇ ಲೇಸು.

ಹಾಗಾದರೆ ಹೊರಗೆ ಕೊಡುವುದು ಎಂದರೇನು? ಅದೂ ಒಂದೇ ಬಗೆಯಲ್ಲ. ಶೇರ್ಡ್ ಹೋಸ್ಟಿಂಗ್ ಎಂದರೆ ಒಂದೇ ಕೋಣೆಯಲ್ಲಿ ನೂರು ಮಂದಿಯ ಪೇಯಿಂಗ್ ಗೆಸ್ಟ್ ವಾಸ. ಬಾಡಿಗೆ ಕಡಿಮೆ. ಬರೀ ಪರಿಚಯ, ಉತ್ಪನ್ನಗಳ ಪಟ್ಟಿ, ವಿಚಾರಣೆಯ ಫಾರ್ಮ್ ಇರುವ ಸೈಟಿಗೆ ಸಾಕಾಗುತ್ತದೆ. ಆದರೆ ‘ಅನ್‌ಲಿಮಿಟೆಡ್’ ಎಂಬ ಜಾಹೀರಾತನ್ನು ನಂಬಬೇಡಿ. ಜಾಗಕ್ಕೆ ಮಿತಿ ಇಲ್ಲದಿದ್ದರೂ ಫೈಲುಗಳ ಸಂಖ್ಯೆಗೆ, ಪ್ರೊಸೆಸರ್ ಬಳಕೆಗೆ, ಗಂಟೆಗೆ ಕಳಿಸುವ ಇಮೇಲ್‌ಗೆ ಮಿತಿ ಇರುತ್ತದೆ. ಫೈಲುಗಳ ಸಂಖ್ಯೆಯ ಮಿತಿಗೆ ಐನೋಡ್ ಮಿತಿ ಎನ್ನುತ್ತಾರೆ, ಒಪ್ಪಂದದ ಒಳಪುಟದಲ್ಲಿ ಇರುತ್ತದೆ. ಹತ್ತು ನೌಕರರು ನಾಲ್ಕು ವರ್ಷದ ಮೇಲ್‌ಗಳನ್ನು ಸರ್ವರಿನಲ್ಲೇ ಬಿಟ್ಟಿದ್ದರೆ ಒಂದೊಂದು ಮೇಲ್‌ಗೆ ಒಂದೊಂದು ಫೈಲು. ಒಂದು ದಿನ ಮಿತಿ ಮುಗಿದು ಮೇಲ್ ಬರುವುದು ನಿಲ್ಲುತ್ತದೆ, ಜೊತೆಗೆ ಸೈಟಿಗೂ ಹೊಸ ಫೈಲು ಬರೆಯಲಾಗದೆ ಲಾಗಿನ್ ಕೆಡುತ್ತದೆ. ಸೈಟ್ ಹ್ಯಾಕ್ ಆಗಿದೆ ಎಂದು ಹುಡುಕುವುದರಲ್ಲೇ ಎರಡು ದಿನ ಕಳೆಯುತ್ತದೆ.

ವಿಪಿಎಸ್ (ದೊಡ್ಡ ಸರ್ವರಿನಲ್ಲಿ ನಿಮಗೆಂದು ಬೇರ್ಪಡಿಸಿದ ಪಾಲು) ಎಂದರೆ ಖಾಲಿ ಗಾಲಾ. ಗೋಡೆ, ಶಟರ್, ಮೀಟರ್ ಅವರದ್ದು. ವೈರಿಂಗ್, ಕಪಾಟು, ಕಾವಲು ನಿಮ್ಮದು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅನ್‌ಮ್ಯಾನೇಜ್ಡ್ ವಿಪಿಎಸ್ ತೆಗೆದುಕೊಂಡು ‘ಹೊರಗೆ ಕೊಟ್ಟಿದ್ದೇವೆ’ ಎಂದುಕೊಳ್ಳುತ್ತಾರೆ, ತೇಪೆ ಹಾಕುವವರು ಯಾರೂ ಇರುವುದಿಲ್ಲ. ಅದು ಸ್ವಂತ ಸರ್ವರೇ, ಕರೆಂಟಿನ ಚಿಂತೆ ಮಾತ್ರ ಇಲ್ಲ. ನಿಭಾಯಿಸಲು ಆಳಿಲ್ಲದಿದ್ದರೆ ಮ್ಯಾನೇಜ್ಡ್ ಎಂದೇ ಕೇಳಿ. ಕೇಳುವಾಗ ಆ ಪದದೊಳಗೆ ಏನೇನು ಬರುತ್ತದೆ ಎಂದು ಬರೆಸಿಕೊಳ್ಳಿ. ಕೆಲವರಿಗೆ ಮ್ಯಾನೇಜ್ಡ್ ಎಂದರೆ ಸರ್ವರ್ ರೀಸ್ಟಾರ್ಟ್ ಮಾಡುವುದಷ್ಟೆ. ಸ್ವಂತ ಯಂತ್ರವನ್ನು ಡೇಟಾ ಸೆಂಟರಿನ ರ‍್ಯಾಕಿನಲ್ಲಿ ಇಡುವ ಕೋಲೊಕೇಶನ್ ಸಣ್ಣ ಕಂಪನಿಗೆ ಸಾಮಾನ್ಯವಾಗಿ ಬೇಡ.

ದೊಡ್ಡ ಕ್ಲೌಡುಗಳಲ್ಲಿ ಬಿಲ್ಲು ನೀರಿನ ಮೀಟರಿನಂತೆ ಓಡುತ್ತದೆ, ಅದರಲ್ಲೂ ಹೊರಹೋಗುವ ಡೇಟಾಕ್ಕೆ. ಅಮೆಜಾನ್ ತಿಂಗಳಿಗೆ ಮೊದಲ 100 ಜಿಬಿ ಉಚಿತ ಕೊಟ್ಟು ಮುಂದಿನದಕ್ಕೆ ಪ್ರತಿ ಜಿಬಿಗೂ ಹಣ ಎಣಿಸುತ್ತದೆ. ನಿಮ್ಮ 20 ಎಂಬಿ ಕ್ಯಾಟಲಾಗ್ ಪಿಡಿಎಫ್ ತಿಂಗಳಿಗೆ 10,000 ಸಲ ಇಳಿದರೆ ಅದೊಂದೇ 200 ಜಿಬಿ. ಆ ಪಿಡಿಎಫ್ಫನ್ನು 3 ಎಂಬಿಗೆ ಕುಗ್ಗಿಸುವುದು ಅರ್ಧ ಗಂಟೆಯ ಕೆಲಸ. ಖಾತೆ ತೆರೆದ ದಿನವೇ ಬಜೆಟ್ ಅಲಾರಂ ಇಡಿ. ಅದು ಬಿಲ್ಲನ್ನು ನಿಲ್ಲಿಸುವುದಿಲ್ಲ, ತಿಳಿಸುತ್ತದೆ ಅಷ್ಟೆ.

ಜಾಗದ ಆಯ್ಕೆಯಲ್ಲಿ ಮುಂಬಯಿಯವರು ಅದೃಷ್ಟವಂತರು. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಊರು ಇದು. ಐರೋಲಿ, ಮಹಾಪೆ, ರಬಾಲೆಯ ಸುತ್ತ ಡೇಟಾ ಸೆಂಟರುಗಳು ಸಾಲಾಗಿವೆ. ಮೈಕ್ರೋಸಾಫ್ಟ್ ಪುಣೆಯಲ್ಲಿ 2015ರಲ್ಲಿ, ಅಮೆಜಾನ್ 2016ರಲ್ಲಿ ಮತ್ತು ಗೂಗಲ್ 2017ರಲ್ಲಿ ಮುಂಬಯಿಯಲ್ಲಿ ತಮ್ಮ ಕ್ಲೌಡ್ ಕೇಂದ್ರ ತೆರೆದವು. ಗ್ರಾಹಕರು ಇಲ್ಲೇ ಇರುವಾಗ ಅಗ್ಗವೆಂದು ಅಮೆರಿಕದ ಸರ್ವರ್ ಹಿಡಿದರೆ ಪ್ರತಿ ಕೋರಿಕೆ ಹೋಗಿ ಬರಲು ಸುಮಾರು 200 ಮಿಲಿಸೆಕೆಂಡ್, ಪುಟವೊಂದಕ್ಕೆ ಇಂಥ ಹತ್ತಾರು ಓಡಾಟ. ಅದಲ್ಲದೆ ವಿದೇಶಿ ಕಂಪನಿಯ ಬಿಲ್ಲಿಗೆ ಜಿಎಸ್‌ಟಿ ನೋಂದಣಿಯಿರುವ ನೀವು ರಿವರ್ಸ್ ಚಾರ್ಜಿನಲ್ಲಿ 18% ತೆರಿಗೆಯನ್ನು ನೀವೇ ಕಟ್ಟಿ ತೋರಿಸಬೇಕು. ಕಾರ್ಡಿನ ತಾನಾಗಿ ಕಡಿತವೂ ಎಡವುತ್ತದೆ: ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ, 2022ರ ಜೂನ್‌ನಲ್ಲಿ ಓಟಿಪಿ ಇಲ್ಲದ ಕಡಿತದ ಮಿತಿಯನ್ನು 5,000ದಿಂದ 15,000 ರೂಪಾಯಿಗೆ ಏರಿಸಿದರು. ಅದಕ್ಕಿಂತ ದೊಡ್ಡ ವಾರ್ಷಿಕ ಬಿಲ್ಲು ಓಟಿಪಿ ಇಲ್ಲದೆ ಹೋಗದು; ಓಟಿಪಿ ಹೋಗುವುದು ಯಜಮಾನರ ಹಳೆಯ ಮೊಬೈಲಿಗೆ. ಹಣ ಹೋಗಿದೆ ಎಂದು ಎಲ್ಲರೂ ತಿಳಿದಿರುತ್ತಾರೆ, ಸೈಟ್ ಅಮಾನತಾಗಿರುತ್ತದೆ.

‘99.9% ಅಪ್‌ಟೈಮ್’ ಎಂಬುದನ್ನು ಗಂಟೆಗೆ ತಿರುಗಿಸಿ ಓದಿ. ವರ್ಷಕ್ಕೆ 8 ಗಂಟೆ 45 ನಿಮಿಷ ಸೈಟ್ ಬಿದ್ದಿದ್ದರೂ ಅವರು ಮಾತು ಉಳಿಸಿಕೊಂಡ ಹಾಗೆಯೇ. 99.5% ಎಂದರೆ ಸುಮಾರು 44 ಗಂಟೆ. ಮಾತು ತಪ್ಪಿದರೆ ಸಿಗುವ ಪರಿಹಾರ ಸಾಮಾನ್ಯವಾಗಿ ಬಾಡಿಗೆಯ ಒಂದು ಪಾಲು, ನಿಮ್ಮ ವ್ಯಾಪಾರದ ನಷ್ಟವಲ್ಲ. ಮೊದಲ ವರ್ಷದ ದರಕ್ಕೂ ನವೀಕರಣದ ದರಕ್ಕೂ ಇರುವ ಅಂತರವನ್ನೂ ಮೊದಲೇ ಕೇಳಿಕೊಳ್ಳಿ.

ಬ್ಯಾಕಪ್ ಅವರೇ ಮಾಡುತ್ತಾರೆ ಎಂದು ಬಿಡಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋದಾಗ ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರಲ್ಲಿ ಹಲವರಿಗೆ ಎರಡೂ ಹೋದವು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ: ಹಳೆಯ ಸೂತ್ರವೇ ಸರಿ. ಬೇರೆ ಕಂಪನಿಯ ಖಾತೆಯಲ್ಲಿ, ಬೇರೆ ಪಾಸ್‌ವರ್ಡಿನಲ್ಲಿ ಇರಲಿ. ಸರ್ವರಿಗೆ ನುಗ್ಗಿದವನಿಗೆ ಬ್ಯಾಕಪ್ ಅಳಿಸುವ ಅಧಿಕಾರ ಸಿಗಬಾರದು. ಫೈಲುಗಳ ಜೊತೆಗೆ ಡೇಟಾಬೇಸಿನ ಡಂಪ್ (ಒಳಗಿನ ಮಾಹಿತಿಯನ್ನೆಲ್ಲ ಹೊರತೆಗೆದ ಪ್ರತಿ) ತೆಗೆಯಬೇಕು. ಓಡುತ್ತಿರುವ ಡೇಟಾಬೇಸಿನ ಫೈಲನ್ನು ಸುಮ್ಮನೆ ನಕಲು ಮಾಡಿದರೆ ಅದು ತೆರೆಯುವ ಭರವಸೆಯಿಲ್ಲ. ಬ್ಯಾಕಪ್ಪನ್ನು ಸೈಟಿನ ಡಿಸ್ಕಿನಲ್ಲೇ ಬರೆಯುವ ಏರ್ಪಾಡಂತೂ ನಾವು ನೋಡುವ ದೋಷಗಳಲ್ಲಿ ಬಲು ಸಾಮಾನ್ಯ. ದಿನಕ್ಕೊಂದರಂತೆ ಸೇರಿ ಡಿಸ್ಕ್ ತುಂಬಿ, ಕೊನೆಗೆ ಬ್ಯಾಕಪ್ಪೇ ಸೈಟನ್ನು ಬೀಳಿಸುತ್ತದೆ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಬ್ಯಾಕಪ್ ಬಿಚ್ಚಿ ಸೈಟ್ ಎಬ್ಬಿಸಿ ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ.

ಇನ್ನು ಡೊಮೇನ್. ಅಂಗಡಿ ಎಲ್ಲಿಗೆ ಬೇಕಾದರೂ ಹೋಗಲಿ, ಫಲಕ ನಿಮ್ಮದಾಗಿದ್ದರೆ ಗಿರಾಕಿ ಬರುತ್ತಾನೆ. ಆ ಫಲಕವೇ ಡೊಮೇನ್. ಡೊಮೇನ್ ಮಾರುವ ರಿಜಿಸ್ಟ್ರಾರ್ ಕಂಪನಿಯಲ್ಲಿನ ಖಾತೆ ಯಾರದ್ದು ಎಂದು ಈ ವಾರವೇ ನೋಡಿಕೊಳ್ಳಿ. ರಿಜಿಸ್ಟ್ರಂಟ್ (ಮಾಲೀಕರು) ಎಂಬಲ್ಲಿ ಕಂಪನಿಯ ಹೆಸರೇ ಇರಬೇಕು. ಡಿಸೈನರನದ್ದೂ ಅಲ್ಲ, ಕೆಲಸ ಬಿಟ್ಟುಹೋದ ನೌಕರನದ್ದೂ ಅಲ್ಲ. ಖಾತೆಯ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದರೆ ಅದರ ಮೇಲ್ ನಿಲ್ಲುತ್ತದೆ, ‘ನವೀಕರಿಸಿ’ ಎಂಬ ಸೂಚನೆಯೂ ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ನಿಂತ ಮೇಲ್‌ಗೇ ಹೋಗುತ್ತವೆ. ಪೆಟ್ಟಿಗೆಯೊಳಗೆ ಕೀಲಿಕೈ ಇಟ್ಟು ಬೀಗ ಒತ್ತಿದಂತೆ. ಡಾಟ್ ಕಾಮ್ ಡೊಮೇನು ಅವಧಿ ಮುಗಿದ ಮೇಲೆ ರಿಜಿಸ್ಟ್ರಾರನ ರಿಯಾಯಿತಿ ದಿನಗಳಲ್ಲಿ ಸಾಮಾನ್ಯ ದರಕ್ಕೆ ಸಿಗುತ್ತದೆ. ಆ ದಿನಗಳು 45ರವರೆಗೂ ಇರಬಹುದು, ಕಡಿಮೆಯೂ ಇರಬಹುದು. ಅಳಿಸಿದ ಮೇಲೆ 30 ದಿನ ದುಬಾರಿ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ನಂತರ ಮೊದಲು ಬಂದವನಿಗೆ. ಡಾಟ್ ಇನ್ ಹೆಸರುಗಳ ನೋಂದಣಿ ನಿಕ್ಸಿ ಸಂಸ್ಥೆಯ ಅಧೀನದಲ್ಲಿದೆ, ಕೊಳ್ಳುವುದು ರಿಜಿಸ್ಟ್ರಾರರ ಮೂಲಕವೇ. ಎರಡಕ್ಕೂ ಬೇರೆಡೆಗೆ ವರ್ಗಾಯಿಸದಂತೆ ತಡೆಯುವ ಟ್ರಾನ್ಸ್‌ಫರ್ ಲಾಕ್ ಹಾಕಿ, ಐದು ವರ್ಷದ ಹಣ ಒಟ್ಟಿಗೆ ಕಟ್ಟಿಬಿಡಿ. ಹೋಸ್ಟಿಂಗನ್ನೂ ಡೊಮೇನನ್ನೂ ಒಬ್ಬನ ಬಳಿಯೇ ಇಡುವುದು ಅನುಕೂಲ, ಆದರೆ ಜಗಳವಾದ ದಿನ ಎರಡೂ ಒಟ್ಟಿಗೆ ಸಿಕ್ಕಿಬೀಳುತ್ತವೆ.

ಮೇಲ್ ಸರ್ವರನ್ನು ಕಚೇರಿಯಲ್ಲಿ ಇಡುವ ಆಸೆಯನ್ನು ಬಿಟ್ಟುಬಿಡಿ. ಬ್ರಾಡ್‌ಬ್ಯಾಂಡಿನಲ್ಲಿ ಮೇಲ್ ಹೋಗುವ ಬಾಗಿಲಾದ 25ನೇ ಪೋರ್ಟ್ ಮುಚ್ಚಿರುವುದೇ ಹೆಚ್ಚು. ತೆರೆದಿದ್ದರೂ ಐಪಿಗೆ ಸರಿಯಾದ ರಿವರ್ಸ್ ಡಿಎನ್ಎಸ್ (ಐಪಿ ಯಾವ ಹೆಸರಿನದ್ದೆಂದು ಹೇಳುವ ದಾಖಲೆ) ಇಲ್ಲದೆ ಕಳಿಸಿದ ಮೇಲ್ ಸ್ಪ್ಯಾಮಿಗೆ ಬೀಳುತ್ತದೆ. ಮೇಲ್ ಒಂದು ಕಡೆ, ಸೈಟ್ ಇನ್ನೊಂದು ಕಡೆ ಇರಲಿ.

ಕಾನೂನಿನ ಮಾತೂ ಇದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಶೇರ್ಡ್ ಹೋಸ್ಟಿಂಗಿನಲ್ಲಿ ಲಾಗ್‌ಗಳು ಕೆಲವೇ ದಿನಗಳಲ್ಲಿ ಅಳಿದುಹೋಗುವುದುಂಟು. ಇಳಿಸಿಟ್ಟುಕೊಳ್ಳುವುದು ನಿಮ್ಮ ಹೊಣೆ. ಗ್ರಾಹಕರ ಫೋನು, ವಿಳಾಸ ಪಡೆಯುವ ಫಾರ್ಮ್ ಇದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಗಮನದಲ್ಲಿಡಬೇಕು. ಅದರ ಪ್ರಕಾರ ತಕ್ಕ ಭದ್ರತೆ ಇಡದ ತಪ್ಪಿಗೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು, ಯಂತ್ರ ಬೇರೆಯವರದ್ದು ಎಂದು ನೀವು ಕೈತೊಳೆದುಕೊಳ್ಳುವಂತಿಲ್ಲ.

ಕಚೇರಿಯಲ್ಲೇ ಇರಬೇಕಾದ ಸರ್ವರುಗಳೂ ಇವೆ, ಅದನ್ನು ಮರೆಯಬಾರದು. ಟ್ಯಾಲಿ, ಬಿಲ್ಲಿಂಗ್, ಭೋಸರಿಯ ವರ್ಕ್‌ಶಾಪಿನಲ್ಲಿ ದಿನವಿಡೀ ತೆರೆಯುವ ಭಾರೀ ಡ್ರಾಯಿಂಗ್ ಫೈಲುಗಳು, ಇವು ಒಳಗಿನ ಜಾಲದಲ್ಲಿದ್ದರೇ ಚುರುಕು. ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಅದೇ ಯಂತ್ರದ ಮೇಲೆ ವೆಬ್‌ಸೈಟನ್ನೂ ಹತ್ತಿಸಬೇಡಿ, ಮನೆಯಿಂದ ನೋಡಲು ಅನುಕೂಲವೆಂದು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ತೆರೆಯಬೇಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವವರು ಹುಡುಕುವುದು ಅದನ್ನೇ. ಸೈಟಿಗೆ ಸ್ಟಾಕಿನ ಮಾಹಿತಿ ಬೇಕಿದ್ದರೆ ಒಳಗಿನ ಯಂತ್ರವೇ ಹೊರಗಿನ ಸರ್ವರಿಗೆ ಗಂಟೆಗೊಮ್ಮೆ ಕಳಿಸಲಿ. ಹೊರಗಿನದು ಒಳಗೆ ಬರಬಾರದು.

ಸ್ಥಳಾಂತರಕ್ಕೆ ಹೊರಟವರಿಗೆ ಕ್ರಮ ಹೀಗೆ. ಎರಡು ದಿನ ಮುಂಚೆ ಡಿಎನ್ಎಸ್ ರೆಕಾರ್ಡಿನ ಟಿಟಿಎಲ್ಲನ್ನು (ಹಳೆಯ ವಿಳಾಸವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿಯನ್ನು) 300 ಸೆಕೆಂಡಿಗೆ ಇಳಿಸಿ. ಇರುವ ಎಲ್ಲ ರೆಕಾರ್ಡುಗಳ ಪ್ರತಿ ತೆಗೆದಿಡಿ, ಎಂಎಕ್ಸ್ (ಮೇಲ್ ಎಲ್ಲಿಗೆ ಬರಬೇಕು), ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಮೇಲ್ ಯಾರು ಕಳಿಸಬಹುದು), ಡಿಕಿಮ್ (ಇಮೇಲ್‌ನ ಡಿಜಿಟಲ್ ಸಹಿ) ಸಹಿತ. ಸೈಟನ್ನು ಹೊಸ ಜಾಗಕ್ಕೆ ನಕಲಿಸಿ, ನಿಮ್ಮ ಒಂದು ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಅದರ ಸ್ವಂತ ವಿಳಾಸಪಟ್ಟಿಯಲ್ಲಿ) ಹೊಸ ಐಪಿ ಬರೆದು ಲೋಕಕ್ಕೆ ತಿಳಿಯುವ ಮುಂಚೆ ನೀವೇ ಓಡಾಡಿ ನೋಡಿ. ಫಾರ್ಮ್ ತುಂಬಿ ಮೇಲ್ ಬರುತ್ತದೆಯೇ ಪರೀಕ್ಷಿಸಿ. ಬದಲಿಸುವ ಹೊತ್ತಿಗೆ ಹಳೆಯ ಸೈಟಿನಲ್ಲಿ ಆರ್ಡರು ನಿಲ್ಲಿಸಿ ಡೇಟಾಬೇಸಿನ ಕೊನೆಯ ಪ್ರತಿ ತನ್ನಿ. ನಂತರ ಎ ರೆಕಾರ್ಡ್ (ಸೈಟಿನ ಐಪಿ ಹೇಳುವ ಸಾಲು) ಮಾತ್ರ ಬದಲಿಸಿ. ಹೊಸ ಹೋಸ್ಟಿಂಗ್‌ನವರು ‘ನಮ್ಮ ನೇಮ್‌ಸರ್ವರ್ ಹಾಕಿ’, ಅಂದರೆ ಇಡೀ ಡಿಎನ್ಎಸ್ ಪಟ್ಟಿಯನ್ನು ನಮ್ಮಲ್ಲಿಗೆ ತನ್ನಿ, ಎನ್ನುತ್ತಾರೆ. ಹಾಕಿದರೆ ಹಳೆಯ ಎಂಎಕ್ಸ್ ಮಾಯವಾಗಿ ಕಂಪನಿಯ ಮೇಲ್ ಅಷ್ಟೂ ಅವರ ಖಾಲಿ ಡಬ್ಬಿಗೆ ಬೀಳುತ್ತದೆ, ಸೈಟ್ ಚೆನ್ನಾಗಿ ಕಾಣುವುದರಿಂದ ಮೂರು ದಿನ ಯಾರಿಗೂ ಗೊತ್ತಾಗುವುದಿಲ್ಲ. ಎಸ್‌ಪಿಎಫ್ ಒಂದೇ ಇರಬೇಕು, ಹೊಸದನ್ನು ಹಳೆಯದರೊಳಗೆ ಸೇರಿಸಿ. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ.

ಇದನ್ನು ಶುಕ್ರವಾರ ಸಂಜೆಯೋ ಗಣೇಶ ಚೌತಿಯ ಹಿಂದಿನ ದಿನವೋ ಮಾಡಬೇಡಿ. ಮಂಗಳವಾರ ರಾತ್ರಿ ಒಳ್ಳೆಯದು, ಮರುದಿನ ಎಲ್ಲರೂ ಕೆಲಸದಲ್ಲಿರುತ್ತಾರೆ. ಹಳೆಯ ಹೋಸ್ಟಿಂಗಿನ ಬಾಡಿಗೆಯನ್ನು ಇನ್ನೂ ಒಂದು ತಿಂಗಳು ಕಟ್ಟಿ. ಆ ತಿಂಗಳ ಕೊನೆಯಲ್ಲಿ ಅದರ ಲಾಗ್ ತೆರೆದು ನೋಡಿದರೆ ಯಾವ ಹಳೆಯ ಬಿಲ್ಲಿಂಗ್ ಯಂತ್ರ, ಯಾವ ಮೊಬೈಲ್ ಆ್ಯಪ್ ಇನ್ನೂ ಹಳೇ ಐಪಿಯ ಬಾಗಿಲು ತಟ್ಟುತ್ತಿದೆ ಎಂಬುದು ಕಾಣುತ್ತದೆ. ಅವನ್ನು ಸರಿಪಡಿಸಿದ ಮೇಲೆ ಖಾತೆ ಮುಚ್ಚಿ.

ಇಂತು ತಮ್ಮ ವಿಶ್ವಾಸಿಗಳು,
ಸರ್ವರ್ ನಿರ್ವಹಣೆಯ ಕಸುಬಿನ ಕೆಲವು ಓದುಗರು
ಮುಂಬಯಿ ಮತ್ತು ಪುಣೆ